ಕೊಳ್ಳುವವರು ಏನು ಕೇಳುತ್ತಾರೆ? ಮಡಕೆ ಗುರುತು, ಸರ್ಕಾರಿ ಟೆಂಡರ್ ಮತ್ತು ನಮ್ಮ ಕಾಫಿ ತೋಟ

ಮನೆಯಲ್ಲಿರುವ ಸೋಪಿನ ಪ್ಯಾಕೆಟ್ಟು, ಪೇಂಟ್ ಡಬ್ಬ, ಡಿಟರ್ಜೆಂಟ್ ಪುಡಿಯ ಚೀಲ ಒಮ್ಮೆ ತಿರುಗಿಸಿ ನೋಡಿ. ಅದರ ಮೇಲೆ ಪುಟ್ಟದೊಂದು ಮಣ್ಣಿನ ಮಡಕೆಯ ಗುರುತು ಇದೆಯಾ? ಬಹುಶಃ ಇರುವುದಿಲ್ಲ. ಆದರೆ ಆ ಗುರುತು ನಮ್ಮ ದೇಶದಲ್ಲಿ 1991ರಿಂದಲೂ ಇದೆ. ಹೆಸರು ಇಕೋಮಾರ್ಕ್. ಪರಿಸರಕ್ಕೆ ಕಮ್ಮಿ ಹಾನಿ ಮಾಡುವ ಸಾಮಾನು ಯಾವುದು ಅಂತ ಜನರಿಗೆ ತಿಳಿಯಲಿ ಎಂದು ಕೇಂದ್ರ ಸರ್ಕಾರವೇ ತಂದ ಗುರುತು ಅದು. ಮಡಕೆಯನ್ನು ಆರಿಸಿದ್ದು ಎಷ್ಟು ಚೆಂದ ನೋಡಿ. ಮಣ್ಣಿನಿಂದ ಆಗುತ್ತದೆ, ಒಡೆದರೆ ಮತ್ತೆ ಮಣ್ಣಿಗೇ ಸೇರುತ್ತದೆ, ವಿಷ ಬಿಡುವುದಿಲ್ಲ.

ಈಗ ಫ್ರಿಜ್ಜಿನ ಬಾಗಿಲು ನೋಡಿ. ಅಲ್ಲಿ ನಕ್ಷತ್ರಗಳ ಚೀಟಿ ಇದ್ದೇ ಇರುತ್ತದೆ. ಸ್ಟಾರ್ ಲೇಬಲ್ ಬಂದದ್ದು 2006ರಲ್ಲಿ, ಮಡಕೆ ಬಂದು 15 ವರ್ಷ ಆದ ಮೇಲೆ. ಇವತ್ತು ಹಳ್ಳಿಯ ಅಂಗಡಿಗೆ ಹೋದರೂ "ಇದು ಎಷ್ಟು ಸ್ಟಾರ್?" ಅಂತ ಕೇಳುತ್ತಾರೆ. ಮಡಕೆಯನ್ನು ಯಾರೂ ಕೇಳುವುದಿಲ್ಲ.

ಎರಡೂ ಸರ್ಕಾರದ್ದೇ. ಎರಡರ ಉದ್ದೇಶವೂ ಒಳ್ಳೆಯದೇ. ಹಾಗಿದ್ದರೂ ಒಂದು ಗೆದ್ದಿತು, ಇನ್ನೊಂದು ಕಾಗದದಲ್ಲೇ ಉಳಿಯಿತು. ಏಕೆ? ಈ ಒಂದು ಪ್ರಶ್ನೆ ಹಿಡಿದುಕೊಂಡು ಹೋದರೆ ವ್ಯಾಪಾರ, ಮಾನದಂಡ, ಸರ್ಕಾರಿ ಖರೀದಿ ಅಂತ ಬೇರೆ ಬೇರೆ ಇಲಾಖೆಗಳಲ್ಲಿ ಕೂತಿರುವ ವಿಷಯಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಅನ್ನುವುದು ತಿಳಿಯುತ್ತದೆ.

ಇಕೋಮಾರ್ಕ್ ಸ್ವಯಂಪ್ರೇರಿತ. ಬೇಕಾದ ಕಂಪನಿ ತೆಗೆದುಕೊಳ್ಳಬಹುದು, ಬೇಡವಾದರೆ ಬಿಡಬಹುದು. ತೆಗೆದುಕೊಳ್ಳಬೇಕಾದರೆ ಪರೀಕ್ಷೆ ಮಾಡಿಸಬೇಕು, ಫೀಸು ಕಟ್ಟಬೇಕು, ಗುಣಮಟ್ಟದ ಐಎಸ್‌ಐ ಮಾರ್ಕೂ ಜೊತೆಗಿರಬೇಕು. ಇಷ್ಟೆಲ್ಲ ಮಾಡಿದ ಮೇಲೆ ಸಾಮಾನು ಜಾಸ್ತಿ ಹೋಗುತ್ತದೆಯೇ ಅಂದರೆ, ಇಲ್ಲ. ಕೊಳ್ಳುವವರಿಗೆ ಆ ಗುರುತು ಗೊತ್ತೇ ಇಲ್ಲ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಸರ್ಕಾರಿ ಕಚೇರಿಗಳೂ ಅದನ್ನು ಕೇಳಲಿಲ್ಲ. ಮತ್ತೆ ಕಂಪನಿಯವರು ಯಾಕೆ ಸುಮ್ನೆ ಖರ್ಚು ಮಾಡುತ್ತಾರೆ?

ಸ್ಟಾರ್ ಲೇಬಲ್ ಕೂಡ ಮೊದಲು ಹೀಗೇ ಸ್ವಯಂಪ್ರೇರಿತವಾಗಿತ್ತು. ಆದರೆ 2010ರ ಜನವರಿಯಿಂದ ಎಸಿ, ಫ್ರಾಸ್ಟ್ ಫ್ರೀ ಫ್ರಿಜ್ಜು, ಟ್ಯೂಬ್‌ಲೈಟು, ವಿದ್ಯುತ್ ವಿತರಣೆಯ ಟ್ರಾನ್ಸ್‌ಫಾರ್ಮರ್‌ಗಳಿಗೆ ಅದು ಕಡ್ಡಾಯವಾಯಿತು. ಸೀಲಿಂಗ್ ಫ್ಯಾನಿಗೆ ಕಡ್ಡಾಯವಾದದ್ದು 2023ರಲ್ಲಿ. ಫ್ರಿಜ್ಜು, ಎಸಿಗಳ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಬೇಕು ಅಂತ ಬರೆದಿರುತ್ತದೆ. ಅಂದರೆ ಪರಿಸರದ ಲೆಕ್ಕ ನೇರವಾಗಿ ಮನೆಯ ಕರೆಂಟ್ ಬಿಲ್ಲಿನ ಲೆಕ್ಕವಾಯಿತು. ಇನ್ನೊಂದು ಜಾಣತನವೂ ಅದರಲ್ಲಿದೆ. ಆಗಾಗ ಸ್ಟಾರ್ ಕೊಡುವ ಅಳತೆಯನ್ನು ಬಿಗಿ ಮಾಡುತ್ತಾರೆ. ಹಿಂದೆ 5 ಸ್ಟಾರ್ ಪಡೆದ ಎಸಿ ಹೊಸ ಅಳತೆಯಲ್ಲಿ 4ಕ್ಕೋ 3ಕ್ಕೋ ಇಳಿಯುತ್ತದೆ. ಕಂಪನಿಗಳು ಒಂದೇ ಕಡೆ ನಿಂತಿರುವ ಹಾಗಿಲ್ಲ.

ಮಾನದಂಡ ಕಡ್ಡಾಯವಾದಾಗ ಏನಾಗುತ್ತದೆ ಅನ್ನುವುದಕ್ಕೆ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 (ಭಾರತ್ ಸ್ಟೇಜ್) ಮಾನದಂಡ ಇನ್ನೊಂದು ಸಾಕ್ಷಿ. 2020ರ ಏಪ್ರಿಲ್ 1ರಿಂದ ಇಡೀ ದೇಶ ಬಿಎಸ್-4ರಿಂದ ನೇರವಾಗಿ 6ಕ್ಕೆ ಹಾರಿತು. 5ರ ಮೆಟ್ಟಿಲನ್ನೇ ಬಿಟ್ಟರು. ಪೆಟ್ರೋಲು, ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಎಂಜಿನ್ನೂ ಇಂಧನವೂ ಒಟ್ಟಿಗೇ ಬದಲಾಗಲೇಬೇಕಿತ್ತು, ಏಕೆಂದರೆ ಗಂಧಕ ಜಾಸ್ತಿ ಇರುವ ಇಂಧನ ಹೊಗೆ ಶುದ್ಧ ಮಾಡುವ ಹೊಸ ಭಾಗಗಳನ್ನು ಹಾಳು ಮಾಡುತ್ತದೆ. ಇಂಥ ಕೆಲಸ ಗ್ರಾಹಕರ ಇಷ್ಟಕ್ಕೆ ಬಿಟ್ಟರೆ ಆಗುವುದಿಲ್ಲ.

ಅತಿ ದೊಡ್ಡ ಗಿರಾಕಿ

ಆದರೆ ಎಲ್ಲವನ್ನೂ ಕಾನೂನು ಮಾಡಿ ಕಡ್ಡಾಯ ಮಾಡಲು ಬರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಖರೀದಿ. ದೇಶದ ಒಟ್ಟು ಉತ್ಪನ್ನದ ಹೆಚ್ಚುಕಮ್ಮಿ ಐದನೇ ಒಂದು ಭಾಗದಷ್ಟು ಹಣ ಸರ್ಕಾರಗಳ ಮತ್ತು ಸರ್ಕಾರಿ ಸಂಸ್ಥೆಗಳ ಖರೀದಿಯ ಮೂಲಕ ಹೋಗುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಶಾಲೆಯ ಬೆಂಚಿನಿಂದ ಹಿಡಿದು ಸೇತುವೆಯ ಸಿಮೆಂಟಿನವರೆಗೆ. ಇಷ್ಟು ದೊಡ್ಡ ಗಿರಾಕಿ ಬಾಯಿ ಬಿಟ್ಟು ಏನಾದರೂ ಕೇಳಿದರೆ ಮಾರುಕಟ್ಟೆ ಕೇಳಿಸಿಕೊಳ್ಳಲೇಬೇಕು.

ಕೇಳಿದಾಗ ಏನಾಯಿತು ಅನ್ನುವುದು ನಮ್ಮೆಲ್ಲರ ಮನೆಯ ದೀಪದಲ್ಲೇ ಇದೆ. ಎಲ್‌ಇಡಿ ಬಲ್ಬು ಹೊಸದರಲ್ಲಿ ತುಂಬಾ ದುಬಾರಿ. 2014ರ ಆರಂಭದಲ್ಲಿ ವಿದ್ಯುತ್ ಉಳಿತಾಯದ ಕೆಲಸ ಮಾಡುವ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಸಗಟಾಗಿ ಕೊಂಡಾಗಲೇ ಒಂದು ಬಲ್ಬಿಗೆ ಸುಮಾರು 310 ರೂಪಾಯಿ ಬಿದ್ದಿತ್ತು. 2015ರ ಜನವರಿಯಲ್ಲಿ ಅಗ್ಗದ ಎಲ್‌ಇಡಿ ಬಲ್ಬು ಹಂಚುವ ಉಜಾಲಾ ಯೋಜನೆ ಇಡೀ ದೇಶಕ್ಕೆ ಬಂತು. ಕರ್ನಾಟಕದಲ್ಲಿ ಅದರ ಹೆಸರು ಹೊಸ ಬೆಳಕು. ಕರೆಂಟ್ ಬಿಲ್ ತೋರಿಸಿ, ಕೌಂಟರಿನಲ್ಲಿ ಸಾಲು ನಿಂತು ಬಲ್ಬು ತಂದದ್ದು ನಿಮಗೂ ನೆನಪಿರಬಹುದು. ಅಲ್ಲಿ ನಡೆದದ್ದು ಸರಳ. ಕೋಟಿಗಟ್ಟಲೆ ಬಲ್ಬಿಗೆ ಒಟ್ಟಿಗೆ ಟೆಂಡರ್ ಕರೆದರು. ಇಷ್ಟು ವಾಟಿಗೆ ಇಷ್ಟು ಬೆಳಕು ಬರಬೇಕು, 3 ವರ್ಷದೊಳಗೆ ಕೆಟ್ಟರೆ ಬದಲಾಯಿಸಿ ಕೊಡಬೇಕು ಅಂತ ಷರತ್ತು ಹಾಕಿದರು. 2016ರ ಹೊತ್ತಿಗೆ ಖರೀದಿ ಬೆಲೆ 38 ರೂಪಾಯಿಗೆ ಇಳಿಯಿತು. ಬಲ್ಬಿಗೆ ಸಬ್ಸಿಡಿ ಕೊಡಲಿಲ್ಲ. ಮುಂದೆ ಒಟ್ಟು 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾದವು. ನಿಮ್ಮೂರಿನ ಕಿರಾಣಿ ಅಂಗಡಿಯಲ್ಲೂ ಎಲ್‌ಇಡಿ ಅಗ್ಗವಾಗಿ ಸಿಗುತ್ತಿದೆ ಅಂದರೆ ಅದರ ಹಿಂದೆ ಈ ಟೆಂಡರುಗಳ ಪಾಲು ದೊಡ್ಡದು.

ಹಾಗಾದರೆ ಎಲ್ಲ ಖರೀದಿಯೂ ಹೀಗೇ ಯಾಕೆ ನಡೆಯುವುದಿಲ್ಲ? ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಉತ್ತರ ಗೊತ್ತು. ಎಲ್-1. ಟೆಂಡರಿನಲ್ಲಿ ಎಲ್ಲರಿಗಿಂತ ಕಮ್ಮಿ ದರ ಹಾಕಿದವನಿಗೇ ಕೆಲಸ.

ಈ ನಿಯಮ ಬಂದದ್ದು ಒಳ್ಳೆಯ ಕಾರಣಕ್ಕೇ. ತಮ್ಮವರಿಗೆ ಬೇಕಾದ ದರಕ್ಕೆ ಗುತ್ತಿಗೆ ಕೊಡುವುದನ್ನು ತಡೆಯಬೇಕಿತ್ತು. ಸರ್ಕಾರಿ ಖರೀದಿಗೆಂದು ನಮ್ಮ ರಾಜ್ಯ ತಂದ 1999ರ ಪಾರದರ್ಶಕತೆ ಕಾಯ್ದೆಯ ಆಶಯವೂ ಅದೇ. ಆದರೆ ಅದರ ಅಡ್ಡಪರಿಣಾಮ ನೋಡಿ. ಫ್ಯಾನಿಗೆ ಸ್ಟಾರ್ ಕಡ್ಡಾಯವಾಗುವ ಮುಂಚೆ ಒಂದು ಶಾಲೆಗೆ ಫ್ಯಾನ್ ಬೇಕಿತ್ತು ಅಂತಿಟ್ಟುಕೊಳ್ಳಿ. ಮಾಮೂಲಿ ಫ್ಯಾನ್ 75 ವಾಟ್, ಬೆಲೆ 1,500 ರೂಪಾಯಿ. ಕರೆಂಟ್ ಉಳಿಸುವ ಬಿಎಲ್‌ಡಿಸಿ ಫ್ಯಾನ್ 30 ವಾಟ್, ಬೆಲೆ 3,000. ದಿನಕ್ಕೆ 8 ಗಂಟೆ, ವರ್ಷಕ್ಕೆ 220 ದಿನ ತಿರುಗಿದರೆ ಮೊದಲನೆಯದು 132 ಯೂನಿಟ್ ತಿನ್ನುತ್ತದೆ, ಎರಡನೆಯದು 53 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಅಂದರೆ ವರ್ಷಕ್ಕೆ ಹೆಚ್ಚುಕಮ್ಮಿ 550 ರೂಪಾಯಿ ಉಳಿತಾಯ. ಮೂರು ವರ್ಷದೊಳಗೆ ಜಾಸ್ತಿ ಕೊಟ್ಟ ಹಣ ವಾಪಸ್. ಫ್ಯಾನ್ ಹತ್ತು ವರ್ಷ ತಿರುಗುತ್ತದೆ. ಆದರೂ ಟೆಂಡರಿನಲ್ಲಿ ಬರೀ "ಸೀಲಿಂಗ್ ಫ್ಯಾನ್" ಅಂತ ಬರೆದಿದ್ದರೆ 1,500ರದ್ದೇ ಗೆಲ್ಲುತ್ತದೆ. ಮೂರು ಸಾವಿರದ್ದು ಕೊಂಡ ಅಧಿಕಾರಿಗೆ ಆಡಿಟ್ ಆಕ್ಷೇಪಣೆ ಬರುತ್ತದೆ. ಫ್ಯಾನ್ ಕೊಳ್ಳುವ ಹಣ ಒಂದು ಲೆಕ್ಕಶೀರ್ಷಿಕೆಯಲ್ಲಿ, ಕರೆಂಟ್ ಬಿಲ್ ಕಟ್ಟುವ ಹಣ ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರೇ ಇಲ್ಲ.

ಇದಕ್ಕೆ ದಾರಿ ಇದೆ. ಎಲ್-1 ನಿಯಮ ಹಾಗೇ ಇರಲಿ, ಆದರೆ ಏನು ಬೇಕು ಅನ್ನುವ ವಿವರದಲ್ಲೇ ಷರತ್ತು ಬರೆದುಬಿಡುವುದು. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳು ಪಟ್ಟಿ ಮಾಡಿದ ವಿದ್ಯುತ್ ಉಪಕರಣಗಳಿಗೆ ಇಂತಿಷ್ಟು ಸ್ಟಾರ್ ಇರಲೇಬೇಕು ಅನ್ನುತ್ತವೆ. ಇನ್ನೊಂದು ದಾರಿ, ಕೊಳ್ಳುವ ದಿನದ ಬೆಲೆ ಬಿಟ್ಟು ಪೂರ್ತಿ ಆಯುಷ್ಯದ ಖರ್ಚಿನ ಮೇಲೆ ದರ ಕೇಳುವುದು. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳ ವಿಷಯದಲ್ಲಿ ಹೆಚ್ಚುಕಮ್ಮಿ ಹೀಗೇ ಆಯಿತು. 2022ರಲ್ಲಿ ಬೆಂಗಳೂರು, ದೆಹಲಿ, ಕೋಲ್ಕತ್ತ, ಹೈದರಾಬಾದ್, ಸೂರತ್ ಐದೂ ನಗರಗಳಿಗೆ ಸೇರಿ 5,450 ಬಸ್ಸಿಗೆ ಒಂದೇ ಟೆಂಡರ್ ಕರೆದರು. ಬಸ್ಸಿನ ಬೆಲೆ ಎಷ್ಟು ಅಂತ ಕೇಳಲಿಲ್ಲ. ಒಂದು ಕಿಲೋಮೀಟರ್ ಓಡಿಸಲು ಎಷ್ಟು ಅಂತ ಕೇಳಿದರು. ಹಾಗೆ ಕೇಳಿದ ತಕ್ಷಣ ಲೆಕ್ಕವೇ ತಿರುಗಿತು. ಕೊಳ್ಳುವಾಗ ದುಬಾರಿಯಾದ ಎಲೆಕ್ಟ್ರಿಕ್ ಬಸ್ಸು ಓಡಿಸುವ ಲೆಕ್ಕದಲ್ಲಿ ಡೀಸೆಲ್ ಬಸ್ಸಿಗಿಂತ ಅಗ್ಗವಾಯಿತು. ಬಿಎಂಟಿಸಿ ಇದರಲ್ಲಿ 921 ಬಸ್ಸು ತೆಗೆದುಕೊಂಡಿತು. ಪರಿಸರ ಇಲಾಖೆ ಹತ್ತು ಸುತ್ತೋಲೆ ಹೊರಡಿಸಿದರೂ ಆಗದ ಕೆಲಸ, ಪ್ರಶ್ನೆ ಕೇಳುವ ರೀತಿ ಬದಲಾಯಿಸಿದ್ದರಿಂದ ಆಯಿತು.

ಸರ್ಕಾರ ತನಗಾಗಿ ಕೊಳ್ಳುವಾಗ ಅದರ ಕೈ ಸಾಕಷ್ಟು ಸ್ವತಂತ್ರವಾಗಿರುತ್ತದೆ ಅನ್ನುವುದನ್ನೂ ಇಲ್ಲಿ ಹೇಳಬೇಕು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಸರ್ಕಾರಿ ಖರೀದಿಯ ಬಗ್ಗೆ ಇರುವ ಪ್ರತ್ಯೇಕ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ಗೆರೆ ಎಲ್ಲಿದೆ ಅಂತ ತಿಳಿದಿರಬೇಕು. ಸೋಲಾರ್ ವಿದ್ಯುತ್ ಯೋಜನೆಯಲ್ಲಿ ದೇಶದಲ್ಲೇ ತಯಾರಾದ ಸೋಲಾರ್ ಸೆಲ್ ಬಳಸಬೇಕು ಅಂತ ಭಾರತ ಷರತ್ತು ಹಾಕಿತ್ತು. ಅಮೆರಿಕ ದೂರು ಕೊಟ್ಟಿತು. 2016ರಲ್ಲಿ ನಾವು ಸೋತೆವು. ತೀರ್ಪಿನ ತಿರುಳು ಇಷ್ಟೇ: ಸರ್ಕಾರ ಕೊಂಡದ್ದು ಕರೆಂಟು, ಷರತ್ತು ಹಾಕಿದ್ದು ಸೆಲ್ಲಿಗೆ. ಕೊಂಡ ವಸ್ತುವೇ ಬೇರೆ, ಷರತ್ತಿನ ವಸ್ತುವೇ ಬೇರೆ ಆದಾಗ ಸರ್ಕಾರಿ ಖರೀದಿಯ ರಿಯಾಯಿತಿ ಸಿಗುವುದಿಲ್ಲ.

ಷರತ್ತು ಹಾಕುವವರು ಹೊರಗಿನವರಾದಾಗ

ಇದುವರೆಗೆ ಗಿರಾಕಿ ನಾವೇ. ಈಗ ಮಾರುವವರ ಜಾಗದಲ್ಲಿ ನಿಂತು ನೋಡೋಣ.

ಟ್ರಾಲ್ ಬೋಟಿನಲ್ಲಿ ಸಿಗಡಿ ಹಿಡಿಯುವಾಗ ಬಲೆಗೆ ಕಡಲಾಮೆಯೂ ಬೀಳುತ್ತದೆ. ಆಮೆ ಉಸಿರಾಡಲು ಮೇಲೆ ಬರಲೇಬೇಕು. ಬಲೆಯೊಳಗೆ ಸಿಕ್ಕಿಕೊಂಡರೆ ನೀರಿನಲ್ಲೇ ಸಾಯುತ್ತದೆ. ಇದಕ್ಕೊಂದು ಉಪಾಯ ಇದೆ. ಬಲೆಯ ಕುತ್ತಿಗೆಯಲ್ಲಿ ಕಂಬಿಗಳ ಒಂದು ಚೌಕಟ್ಟು ಓರೆಯಾಗಿ ಕೂರಿಸುತ್ತಾರೆ. ಸಣ್ಣ ಸಿಗಡಿ ಕಂಬಿಗಳ ಸಂದಿಯಲ್ಲಿ ನುಸುಳಿ ಒಳಗೆ ಹೋಗುತ್ತದೆ. ದೊಡ್ಡ ಆಮೆ ಕಂಬಿಗೆ ತಾಗಿ, ಬಲೆಯ ಮೇಲೋ ಕೆಳಗೋ ಬಿಟ್ಟ ಬಾಯಿಯಿಂದ ಆಚೆ ಹೋಗುತ್ತದೆ. ಅಮೆರಿಕ ತನ್ನ ದೋಣಿಗಳಿಗೆ ಇದನ್ನು ಕಡ್ಡಾಯ ಮಾಡಿತು. ಆಮೇಲೆ, ಇಂಥ ವ್ಯವಸ್ಥೆ ಇಲ್ಲದ ದೇಶದ ಸಿಗಡಿ ಬೇಡ ಅಂದಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟವು.

1998ರಲ್ಲಿ ಬಂದ ಅಂತಿಮ ತೀರ್ಪನ್ನು ಗಮನವಿಟ್ಟು ಓದಬೇಕು. ಅಮೆರಿಕ ಸೋತಿತು. ಆದರೆ ಆಮೆ ಉಳಿಸಲು ಆಮದು ತಡೆಯುವುದೇ ತಪ್ಪು ಅಂತ ತೀರ್ಪು ಹೇಳಲಿಲ್ಲ. ಅಳಿದುಹೋಗುವ ಸಂಪತ್ತನ್ನು ಕಾಪಾಡಲು ಒಂದು ದೇಶ ವ್ಯಾಪಾರಕ್ಕೆ ಷರತ್ತು ಹಾಕಬಹುದು, ದೇಶಗಳ ನಡುವಿನ ಸರಕು ವ್ಯಾಪಾರದ ಮೂಲ ಒಪ್ಪಂದವಾದ ಗ್ಯಾಟ್‌ನ 20ನೇ ವಿಧಿಯಲ್ಲಿ ಅದಕ್ಕೆ ಜಾಗವಿದೆ ಅಂದಿತು. ತಪ್ಪು ಇದ್ದದ್ದು ಷರತ್ತನ್ನು ಜಾರಿ ಮಾಡಿದ ರೀತಿಯಲ್ಲಿ. ಕೆರಿಬಿಯನ್ ಸುತ್ತಿನ ದೇಶಗಳಿಗೆ ಅಮೆರಿಕ 3 ವರ್ಷ ಸಮಯ ಕೊಟ್ಟಿತ್ತು, ಮಾತುಕತೆ ನಡೆಸಿತ್ತು, ತಂತ್ರಜ್ಞಾನದ ನೆರವೂ ಕೊಟ್ಟಿತ್ತು. ನಮ್ಮಂಥ ದೇಶಗಳಿಗೆ ಸಿಕ್ಕಿದ್ದು 4 ತಿಂಗಳು. ಭೇದಭಾವ ಮಾಡಿದ್ದು ತಪ್ಪು ಅಂತ ತೀರ್ಪಾಯಿತು. ಅಮೆರಿಕ ಜಾರಿಯ ರೀತಿ ತಿದ್ದಿಕೊಂಡಿತು. ಮಲೇಷ್ಯಾ ಮತ್ತೆ ದೂರಿದಾಗ, 2001ರಲ್ಲಿ ಅಮೆರಿಕದ ಕ್ರಮ ಸರಿ ಎಂದೇ ತೀರ್ಪು ಬಂತು. ಷರತ್ತು ಹಾಕುವ ಹಕ್ಕು ಉಳಿಯಿತು. 2019ರಿಂದ ನಮ್ಮ ಸಮುದ್ರದಲ್ಲಿ ಹಿಡಿದ ಸಿಗಡಿಯನ್ನು ಅಮೆರಿಕ ಕೊಳ್ಳುವುದು ನಿಲ್ಲಿಸಿದ್ದೂ ಇದೇ ಕಾರಣಕ್ಕೆ. ಕೆರೆಯಲ್ಲಿ ಸಾಕಿದ ಸಿಗಡಿಗೆ ಈ ತೊಂದರೆ ಇಲ್ಲ.

ಸಮಯ, ಮಾತುಕತೆ, ನೆರವು. ಈ ಮೂರನ್ನು ನೆನಪಿಟ್ಟುಕೊಳ್ಳಿ. ಯುರೋಪು ಈಗ ಹಾಕುತ್ತಿರುವ ಷರತ್ತುಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನನಗೆ ಕಂಡಿಲ್ಲ.

ಉಕ್ಕಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರದಂಥ ಸಾಮಾನು ತಯಾರಿಸುವಾಗ ಎಷ್ಟು ಇಂಗಾಲ ಗಾಳಿಗೆ ಸೇರಿತು ಅನ್ನುವುದರ ಮೇಲೆ ಯುರೋಪಿನ ಗಡಿಯಲ್ಲಿ ಬೆಲೆ ಕಟ್ಟುವ ವ್ಯವಸ್ಥೆ ಬಂದಿದೆ. 2023ರ ಅಕ್ಟೋಬರಿನಿಂದ ಲೆಕ್ಕ ಕೊಡುವುದು ಶುರುವಾಯಿತು. 2026ರ ಜನವರಿಯಿಂದ ಹಣದ ಹೊಣೆಯೂ ಸೇರಿಕೊಂಡಿತು. ನಮ್ಮಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ 2.5 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಜಗತ್ತಿನ ಸರಾಸರಿ 1.9ರ ಆಸುಪಾಸು. ನಮ್ಮ ಕುಲುಮೆಗಳು ಕಲ್ಲಿದ್ದಲನ್ನೇ ನಂಬಿರುವುದು ಇದಕ್ಕೆ ಮುಖ್ಯ ಕಾರಣ. ತೋರಣಗಲ್ಲಿನಂಥ ಉಕ್ಕಿನ ಊರಿಗೆ ಇದು ದೂರದ ಸುದ್ದಿ ಅಲ್ಲ. ಭಾರತದ ಆಕ್ಷೇಪ ನ್ಯಾಯವಾದದ್ದು. ನೂರೈವತ್ತು ವರ್ಷ ಹೊಗೆ ಬಿಟ್ಟು ಬೆಳೆದವರೂ, ಈಗ ಬೆಳೆಯುತ್ತಿರುವವರೂ ಒಂದೇ ತೂಕದ ಹೊಣೆ ಹೊರಬೇಕೆ? ಜೊತೆಗೆ ಆ ಹಣ ಹೋಗುವುದು ಯುರೋಪಿನ ಖಜಾನೆಗೆ. ಆದರೆ ಆ ನಿಯಮದಲ್ಲೇ ಒಂದು ಕಿಂಡಿ ಇದೆ. ಇಂಗಾಲಕ್ಕೆ ಇಲ್ಲಿಯೇ ಬೆಲೆ ತೆತ್ತಿದ್ದರೆ ಅಷ್ಟನ್ನು ಅಲ್ಲಿ ಕಳೆಯುತ್ತಾರೆ. ಹೊಗೆ ಬಿಡುವ ಕಾರ್ಖಾನೆಗಳು ಇಂಗಾಲಕ್ಕೆ ಬೆಲೆ ಕೊಡುವ ನಮ್ಮ ದೇಶದ್ದೇ ಇಂಗಾಲ ಮಾರುಕಟ್ಟೆ ಬೇಗ ಗಟ್ಟಿಯಾದರೆ ಆ ಹಣ ಇಲ್ಲೇ ಉಳಿಯುತ್ತದೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹಸಿರು ಉಕ್ಕಿಗೆ ಅಳತೆ ಗೊತ್ತು ಮಾಡಿತು. ಟನ್ನಿಗೆ 2.2 ಟನ್ನಿಗಿಂತ ಕಮ್ಮಿ ಇಂಗಾಲ ಬಿಟ್ಟರೆ ಹಸಿರು, ಅದರೊಳಗೆ 3ರಿಂದ 5 ಸ್ಟಾರ್. ಮಾರ್ಕ್ ಬಂತು. ಇನ್ನು ಸರ್ಕಾರಿ ಸೇತುವೆ, ರೈಲು ಹಳಿಯ ಟೆಂಡರುಗಳು ಅದನ್ನು ಕೇಳಬೇಕು. ಕೇಳದಿದ್ದರೆ ಇದಕ್ಕೂ ಮಡಕೆಯ ಗತಿಯೇ.

ಆರು ಅಂಕಿಯ ತೋಟ

ನನ್ನ ಮನಸ್ಸು ಜಾಸ್ತಿ ಹೋಗುವುದು ಕಾಫಿಯ ಕಡೆಗೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಕೊಡಗು, ಚಿಕ್ಕಮಗಳೂರು, ಹಾಸನದ ಸಣ್ಣ ಸಣ್ಣ ತೋಟಗಳಲ್ಲಿ. ಅದರಲ್ಲಿ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ. ಕೊಳ್ಳುವವರಲ್ಲಿ ಇಟಲಿಯೇ ಮುಂದು.

2023ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ತಂದಿತು. ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ, ದನ, ಈ ಏಳು ಮತ್ತು ಇವುಗಳಿಂದಾದ ಹಲವು ಸಾಮಾನುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದಿರಬಾರದು. ಬೆಳೆದ ದೇಶದ ಕಾನೂನನ್ನೂ ಮುರಿದಿರಬಾರದು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಪ್ರತಿ ತೋಟ ಭೂಮಿಯ ಮೇಲೆ ಎಲ್ಲಿದೆ ಅನ್ನುವುದನ್ನು ಅಕ್ಷಾಂಶ ರೇಖಾಂಶದಲ್ಲಿ, ದಶಮಾಂಶದ ಆರು ಅಂಕಿವರೆಗೆ ಕೊಡಬೇಕು. ಆರು ಅಂಕಿ ಅಂದರೆ ಸುಮಾರು ಒಂದು ಗೇಣಿಗಿಂತಲೂ ಕಮ್ಮಿ ಅಂತರ. ಒಂದು ಕಾಫಿ ಗಿಡದ ಬುಡವನ್ನೇ ಬೆರಳಿಟ್ಟು ತೋರಿಸಿದ ಹಾಗೆ. ತೋಟ 4 ಹೆಕ್ಟೇರ್, ಅಂದರೆ ಹತ್ತು ಎಕರೆಯ ಒಳಗಿದ್ದರೆ ಒಂದು ಬಿಂದು ಸಾಕು. ಜಾಸ್ತಿ ಇದ್ದರೆ ಸುತ್ತಲಿನ ಗಡಿಯನ್ನೇ ಗುರುತು ಮಾಡಬೇಕು.

ಮೂರು ಎಕರೆ ತೋಟದ ಒಬ್ಬ ಬೆಳೆಗಾರರನ್ನು ನೆನೆಸಿಕೊಳ್ಳಿ. ಫೋನ್ ಹಿಡಿದು ತೋಟದ ನಡುವೆ ನಿಂತು ಬಿಂದು ಹಾಕಿಕೊಳ್ಳುವುದು ಅವರಿಗೆ ಕಷ್ಟವೇನಲ್ಲ. ಕಾಫಿ ಮಂಡಳಿ ಇದಕ್ಕಾಗಿಯೇ ಮೊಬೈಲ್ ಆ್ಯಪ್‌ನಲ್ಲಿ ನೋಂದಣಿ ಮಾಡಿಸುತ್ತಿದೆ. ಕಷ್ಟ ಇರುವುದು ಬೇರೆ ಕಡೆ.

ಮೊದಲನೆಯದು ಆಕಾಶದ ಕಣ್ಣು. ನಮ್ಮ ಕಾಫಿ ಬೆಳೆಯುವುದು ನೆರಳಿನಲ್ಲಿ. ಮೇಲೆ ಅತ್ತಿ, ಬಸರಿ, ಹಲಸು, ಸಿಲ್ವರ್ ಓಕ್. ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಅದರ ಕೆಳಗೆ ಕಾಫಿ. ಉಪಗ್ರಹದಿಂದ ನೋಡಿದರೆ ಕಾಣುವುದು ಮರಗಳ ತಲೆ ಮಾತ್ರ. ಕಾಡು ಯಾವುದು, ತೋಟ ಯಾವುದು ಅಂತ ಬೇರೆ ಮಾಡುವುದು ಸುಲಭವಲ್ಲ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಕೊಂಬೆ ಇಳಿಸಿದಾಗ ಅದೇ ಜಾಗದ ಹಸಿರು ತೆಳುವಾಗಿ ಕಾಣಬಹುದು. ಮರದ ನೆರಳಿನಲ್ಲಿ ಬೆಳೆಯುವ ಬೆಳೆ ಕಾಡಲ್ಲ, ಕೃಷಿ ಅಂತ ಆ ಕಾನೂನೇ ಒಪ್ಪುತ್ತದೆ. ಆದರೆ ಅದನ್ನು ತೋರಿಸಿಕೊಡುವ ಹೊರೆ ಮಾರುವವರ ಮೇಲೆ. ಬೋಳು ಬಯಲಿನಲ್ಲಿ, ಬಿಸಿಲಿಗೆ ಕಾಫಿ ಬೆಳೆದವರಿಗೆ ಈ ಗೊಂದಲವೇ ಇಲ್ಲ. ಮರ ಉಳಿಸಿಕೊಂಡವರಿಗೇ ತಲೆಬಿಸಿ. ಈ ಕಾನೂನಿನ ಬಗ್ಗೆ ನನಗೆ ಅತಿ ಹೆಚ್ಚು ನೋವು ತರುವ ಸಂಗತಿ ಇದು.

ಎರಡನೆಯದು ಪಹಣಿ. ಅಜ್ಜ ತೀರಿಕೊಂಡು ಮೂವತ್ತು ವರ್ಷವಾಗಿರುತ್ತದೆ, ಪಹಣಿ ಇನ್ನೂ ಅವರ ಹೆಸರಿನಲ್ಲೇ. ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರ ಪಾಲು ಕಾಗದದಲ್ಲಿ ಇಳಿದಿಲ್ಲ. ತಲೆಮಾರಿನಿಂದ ಕುಟುಂಬಕ್ಕೆ ಬಂದ ಕೊಡಗಿನ ಜಮ್ಮಾ ಬಾಣೆ ಜಮೀನುಗಳಲ್ಲಿ ಒಂದೇ ಹಿಡುವಳಿಗೆ ಇಡೀ ಕುಟುಂಬದ ಹೆಸರುಗಳು. ನಮಗಿದು ಮಾಮೂಲಿ. ಹ್ಯಾಂಬರ್ಗಿನಲ್ಲಿ ಕೂತು ಕಾಗದ ನೋಡುವವರಿಗೆ ಇದು ಅನುಮಾನ.

ಮೂರನೆಯದು ಗೋಡೌನು. ಸಣ್ಣ ಬೆಳೆಗಾರರು ಸಾಮಾನ್ಯವಾಗಿ ಕಣದಲ್ಲಿ ಒಣಗಿಸಿದ ಕಾಫಿಯನ್ನು ಹತ್ತಿರದ ವ್ಯಾಪಾರಿಗೆ ಕೊಡುತ್ತಾರೆ. ವ್ಯಾಪಾರಿಯ ಗೋಡೌನಿನಲ್ಲಿ ಹತ್ತಾರು ತೋಟಗಳ ಚೀಲ ಒಂದೇ ರಾಶಿಯಾಗುತ್ತವೆ. ಅಲ್ಲಿಂದ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿಗೆ. ಹೊಸ ಕಾನೂನಿನಲ್ಲಿ ಮೂಲ ಗೊತ್ತಿಲ್ಲದ ಒಂದು ಚೀಲ ರಾಶಿಗೆ ಬಿದ್ದರೂ ಇಡೀ ರಾಶಿ ಕೆಟ್ಟಂತೆಯೇ. ಹಾಗಾಗಿ ವ್ಯಾಪಾರಿ ಎರಡು ರಾಶಿ ಮಾಡಬೇಕು: ದಾಖಲೆ ಇರುವುದು, ಇಲ್ಲದ್ದು. ದಾಖಲೆ ಇಲ್ಲದ ಚೀಲಕ್ಕೆ ದರ ಕಮ್ಮಿ ಮಾಡುವುದು ಅವನಿಗೆ ಎಷ್ಟು ಹೊತ್ತಿನ ಕೆಲಸ? ಕಾಡು ಕಡಿಯದಿದ್ದರೂ, ಬರೀ ಕಾಗದ ಇಲ್ಲದ್ದಕ್ಕೆ ದಂಡ ಕಟ್ಟಬೇಕಾಗಿ ಬರುವುದು ಅತಿ ಸಣ್ಣ ಬೆಳೆಗಾರರೇ.

ಕಾನೂನಿನ ಗುರಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಾಡು ಕಡಿದು ಬೆಳೆದ ಕಾಫಿ ಯಾರಿಗೂ ಬೇಡ, ನಮಗಂತೂ ಬೇಡವೇ ಬೇಡ. ಕಾವೇರಿ ಹುಟ್ಟುವುದು ಇದೇ ಬೆಟ್ಟಗಳಲ್ಲಿ, ಅಲ್ವಾ? ಆದರೆ ಸಾಕ್ಷಿಯ ಖರ್ಚು ಯಾರದು ಅನ್ನುವುದನ್ನು ಬಿಟ್ಟು ಗುರಿಯನ್ನಷ್ಟೇ ಮಾತಾಡಲು ಬರುವುದಿಲ್ಲ. ಯುರೋಪು ಸಮಯ ಕೊಟ್ಟಿದೆ, ಎರಡು ಸಲ ಗಡುವು ಮುಂದಕ್ಕೆ ಹಾಕಿದೆ. 2025ರಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೂ ಸೇರಿಸಿತು. ಇದರಿಂದ ತಪಾಸಣೆ ಕಮ್ಮಿಯಾಗುತ್ತದೆ, ಆದರೆ ತೋಟದ ಬಿಂದು ಕೊಡುವುದು ತಪ್ಪುವುದಿಲ್ಲ. ನೆರವಿನ ಮಾತು ಮಾತ್ರ ಇನ್ನೂ ಸಾಲದು. ಅದನ್ನು ಅಲ್ಲಿಂದಲೂ ಕೇಳಬೇಕು, ಇಲ್ಲಿಂದಲೂ ಕೇಳಬೇಕು. ಪೌತಿ ಖಾತೆ ಮಾಡಿಕೊಡುವುದು ಯುರೋಪಿನ ಕೆಲಸವಲ್ಲ, ನಮ್ಮ ತಾಲ್ಲೂಕು ಕಚೇರಿಯದು. ಅದು ಕಂದಾಯದ ಕೆಲಸ ಅಂತಲೇ ಕಾಣಬಹುದು. ಇವತ್ತು ಅದು ರಫ್ತಿನ ಕೆಲಸವೂ ಹೌದು, ಮರ ಉಳಿಸುವ ಕೆಲಸವೂ ಹೌದು.

ಈಗಿರುವ ಪ್ರಕಾರ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ ಈ ಕಾನೂನು 2026ರ ಡಿಸೆಂಬರ್ 30ರಿಂದ ಜಾರಿ, ಸಣ್ಣವಕ್ಕೆ 2027ರ ಜೂನ್ 30ರಿಂದ. ಡಿಸೆಂಬರ್ ಕೊನೆ ಅಂದರೆ ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದಿರುತ್ತದೆ, ರೊಬಸ್ಟಾ ಹಣ್ಣಾಗುತ್ತಿರುತ್ತದೆ. ಆ ಕುಯ್ಲಿನಲ್ಲಿ ಕಣಕ್ಕೆ ಬಿದ್ದ ಹಣ್ಣು ಒಣಗಿ, ಕ್ಯೂರಿಂಗ್ ಆಗಿ, ಹಡಗು ಹತ್ತಿ ಇಟಲಿಯ ಬಂದರು ಮುಟ್ಟುವ ಹೊತ್ತಿಗೆ ತಾರೀಕು ದಾಟಿರುತ್ತದೆ. ಚೀಲದ ಜೊತೆ ಆರು ಅಂಕಿಯ ಬಿಂದುವೂ ಹೋಗಬೇಕು.